ಬಳ್ಳಾರಿ ಸೀಮೆಯ ರಸ್ತೆ ಕಾಮಗಾರಿಗಳಲ್ಲಿ ಬಾವುಟದಾಳು: ಪಾತ್ರ ಮತ್ತು ರಕ್ಷಣೆ

೧. ಪ್ರಸ್ತಾವನೆ

ರಸ್ತೆಗಳ ಇತಿಹಾಸವನ್ನು ಬರೆದವರು ಅವುಗಳನ್ನು ಮಾಡಿಸಿದ ಅರಸರನ್ನೂ ಅಧಿಕಾರಿಗಳನ್ನೂ ನೆನೆದಿರುವರು. ಅವುಗಳ ಮೇಲೆ ನಡೆದ ದಂಡುಗಳನ್ನೂ ವರ್ತಕರನ್ನೂ ನೆನೆದಿರುವರು. ಅವುಗಳನ್ನು ಅಗೆದು, ತುಂಬಿ, ಬಡಿದು ಸಮಗೊಳಿಸಿದ ಕೂಲಿಯವರ ಮಾತು ಬರುವುದು ಅಪೂರ್ವ. ಆ ಕೂಲಿಯವರ ನಡುವೆಯೂ ಕೈಯಲ್ಲಿ ಗುದ್ದಲಿಯಿಲ್ಲದೆ, ತಲೆಯ ಮೇಲೆ ಪುಟ್ಟಿಯಿಲ್ಲದೆ, ಒಂದು ತುಂಡು ಕೆಂಪು ಬಟ್ಟೆಯನ್ನು ಹಿಡಿದು ದಿನವಿಡೀ ನಿಂತಿರುವ ಒಂದು ಜೀವವುಂಟು. ಗುತ್ತಿಗೆಯ ಕಾಗದಗಳಲ್ಲಿ ಈ ಕೆಲಸಗಾರನಿಗೆ ‘ಫ್ಲ್ಯಾಗ್‌ಮನ್’ ಎಂದು ಹೆಸರು. ಗಂಡಸರೂ ಹೆಂಗಸರೂ ಈ ಕೆಲಸದಲ್ಲಿ ಇರುವುದರಿಂದ ಪ್ರಸ್ತುತ ಲೇಖನದಲ್ಲಿ ಬಾವುಟದಾಳು ಎಂಬ ಪದವನ್ನು ಬಳಸಲಾಗಿದೆ.

ಬಾವುಟದಾಳಿನ ಕೆಲಸವು ನೋಡುವವರಿಗೆ ಬಹಳ ಸುಲಭವಾಗಿ ಕಾಣುವುದು. ಕೆಂಪನ್ನು ತೋರಿಸಿದರೆ ವಾಹನ ನಿಲ್ಲಬೇಕು, ಹಸುರನ್ನು ತೋರಿಸಿದರೆ ಹೊರಡಬೇಕು, ಇಷ್ಟೇ. ಆದರೆ ಬಟ್ಟೆಯ ಬಣ್ಣದಲ್ಲಿ ವಾಹನವನ್ನು ನಿಲ್ಲಿಸುವ ಶಕ್ತಿಯಿಲ್ಲ. ಆ ಶಕ್ತಿಯಿರುವುದು ಬಣ್ಣದ ಹಿಂದಿರುವ ನಿಯಮದಲ್ಲಿ, ಬಾವುಟಕ್ಕೂ ಅಪಾಯದ ಸ್ಥಳಕ್ಕೂ ನಡುವಣ ದೂರದಲ್ಲಿ, ಮತ್ತು ಅದನ್ನು ಹಿಡಿದವರಿಗೆ ದೊರೆತ ಶಿಕ್ಷಣದಲ್ಲಿ. ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡುಗಳ ಪ್ರದೇಶದಲ್ಲಿ ಒಂದೇ ಕೆಂಬಾವುಟವು ರೈಲುದಾರಿಯ ಮೇಲೂ ಇದೆ, ರಸ್ತೆಯ ಮೇಲೂ ಇದೆ. ರೈಲುದಾರಿಯಲ್ಲಿ ಅದಕ್ಕೆ ಈ ಮೂರು ಆಧಾರಗಳೂ ದೊರೆತಿವೆ. ರಸ್ತೆಯಲ್ಲಿ ಅನೇಕ ವೇಳೆ ಬಟ್ಟೆಯೊಂದೇ ದೊರೆತಿದೆ. ಈ ಅಂತರವು ಹೇಗೆ ಉಂಟಾಯಿತು, ಅದರಿಂದ ಯಾರಿಗೆ ಅಪಾಯ, ಅದನ್ನು ತುಂಬುವ ಬಗೆಯೇನು ಎಂಬುದನ್ನು ಸಂಗ್ರಹವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

೨. ಕೆಂಬಾವುಟವು ರಸ್ತೆಗೆ ಬಂದ ಬಗೆ

ರಸ್ತೆಯ ಮೇಲೆ ಕೆಂಬಾವುಟವನ್ನು ಹಿಡಿಯುವುದು ಶಾಸನದ ಆಜ್ಞೆಯಾದ ಪ್ರಸಿದ್ಧ ನಿದರ್ಶನವು ಇಂಗ್ಲೆಂಡಿನದು. ೧೮೬೫ರಲ್ಲಿ ಅಲ್ಲಿಯ ಪಾರ್ಲಿಮೆಂಟು ಉಗಿಯಂತ್ರದ ಬಂಡಿಗಳನ್ನು ಕುರಿತು ಒಂದು ಶಾಸನವನ್ನು ಮಾಡಿತು. ಅದರ ಪ್ರಕಾರ ಇಂತಹ ಬಂಡಿಯು ಹಳ್ಳಿಗಾಡಿನಲ್ಲಿ ಗಂಟೆಗೆ ನಾಲ್ಕು ಮೈಲಿ, ಊರೊಳಗೆ ಎರಡು ಮೈಲಿಗಿಂತ ವೇಗವಾಗಿ ಹೋಗಕೂಡದು. ಬಂಡಿಗೆ ಮೂವರು ಆಳುಗಳಿರಬೇಕು. ಅವರಲ್ಲೊಬ್ಬನು ಅರುವತ್ತು ಗಜಗಳಿಗೆ ಕಡಿಮೆಯಿಲ್ಲದ ದೂರದಲ್ಲಿ ಬಂಡಿಯ ಮುಂದೆ ಕೆಂಬಾವುಟವನ್ನು ಹಿಡಿದು ನಡೆಯಬೇಕು. ಎದುರು ಬರುವ ಕುದುರೆಗಳೂ ಕುದುರೆಗಾಡಿಯವರೂ ಬೆದರದಂತೆ ಎಚ್ಚರಿಸುವುದು ಅವನ ಕರ್ತವ್ಯವಾಗಿತ್ತು. ೧೮೭೮ರ ತಿದ್ದುಪಡಿಯಿಂದ ಬಾವುಟದ ಕಟ್ಟಳೆ ಸಡಿಲವಾಯಿತು. ದೂರವು ಇಪ್ಪತ್ತು ಗಜಕ್ಕೆ ಇಳಿಯಿತು. ೧೮೯೬ರಲ್ಲಿ ಹಗುರವಾದ ಮೋಟಾರು ಬಂಡಿಗಳು ಈ ಕಟ್ಟಿನಿಂದ ಪೂರ್ಣವಾಗಿ ಬಿಡುಗಡೆ ಹೊಂದಿದುವು.

ಈ ಶಾಸನವನ್ನು ಹಾಸ್ಯದ ವಸ್ತುವಾಗಿ ಹೇಳುವುದು ರೂಢಿಯಾಗಿದೆ. ಆದರೆ ಇತಿಹಾಸದ ವಿದ್ಯಾರ್ಥಿಯು ಅದರಲ್ಲಿ ಗಮನಿಸಬೇಕಾದ ಒಂದು ಅಂಶವುಂಟು. ಆ ಕಾಲದಲ್ಲಿ ಬಾವುಟವು ಮುಂದೆ ನಡೆಯುತ್ತಿತ್ತು, ಯಂತ್ರವು ಅದನ್ನು ಹಿಂಬಾಲಿಸುತ್ತಿತ್ತು. ಮನುಷ್ಯನ ನಡಿಗೆಯ ವೇಗವೇ ಯಂತ್ರಕ್ಕೆ ಮಿತಿಯಾಗಿತ್ತು. ಇಂದು ಬಾವುಟವು ಒಂದೆಡೆ ನಿಂತಿದೆ. ಯಂತ್ರವು ಹತ್ತಿಪ್ಪತ್ತು ಪಟ್ಟು ವೇಗದಲ್ಲಿ ಅದರ ಕಡೆಗೆ ಧಾವಿಸಿ ಬರುತ್ತಿದೆ. ಬಟ್ಟೆಯು ಅದೇ ಆಗಿ ಉಳಿದು ಸಂಬಂಧವು ಮಾತ್ರ ತಲೆಕೆಳಗಾಯಿತು. ಬಾವುಟದಾಳಿನ ಇಂದಿನ ಕಷ್ಟಗಳ ಮೂಲವು ಈ ಬದಲಾವಣೆಯಲ್ಲಿದೆ.

೩. ಬಳ್ಳಾರಿಯ ರೈಲುದಾರಿಯಲ್ಲಿ ಕೆಂಬಾವುಟ

ನಮ್ಮ ಸೀಮೆಯಲ್ಲಿ ಕೆಂಬಾವುಟವನ್ನು ಜನರಿಗೆ ಪರಿಚಯ ಮಾಡಿಕೊಟ್ಟದ್ದು ರೈಲು. ೧೮೭೧ರಲ್ಲಿ ಮದರಾಸಿನ ರೈಲುದಾರಿಯು ರಾಯಚೂರನ್ನು ಮುಟ್ಟಿತು. ಅದರ ಗುಂತಕಲ್ಲಿನಿಂದ ಬಳ್ಳಾರಿಗೆ ಕವಲುದಾರಿಯಾಯಿತು. ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಬಳ್ಳಾರಿಯಿಂದ ಹೊಸಪೇಟೆ, ಗದಗುಗಳ ಮೂಲಕ ಹುಬ್ಬಳ್ಳಿಯ ಕಡೆಗೆ ಹಳಿಗಳನ್ನು ಹಾಕಿತು. ಹಳಿಯನ್ನು ಕಾಯುವ ಗ್ಯಾಂಗಿನವರೂ, ದಿನವೂ ಹಳಿಯುದ್ದಕ್ಕೂ ನಡೆದು ಕೀಲುಗಳನ್ನು ಪರೀಕ್ಷಿಸುವ ಕೀಮನ್ನನೂ, ಗೇಟು ಕಾಯುವವನೂ ಕೆಂಪು ಹಸುರು ಬಾವುಟಗಳೊಡನೆ ಹಳಿಯ ಬದಿಯ ಹಳ್ಳಿಗಳ ನಿತ್ಯದ ನೋಟವಾದರು.

ರೈಲ್ವೆಯು ಆ ಬಾವುಟವನ್ನು ಒಬ್ಬನ ಕೈಗೆ ಕೊಟ್ಟು ಸುಮ್ಮನಾಗಲಿಲ್ಲ. ಹಳಿಯು ಕೆಟ್ಟು ಗಾಡಿಯನ್ನು ನಿಲ್ಲಿಸಬೇಕಾದಾಗ ಅನುಸರಿಸಬೇಕಾದ ಕ್ರಮವನ್ನು ಅಳತೆಗಳೊಡನೆ ಗೊತ್ತುಮಾಡಿತು. ಇಂದಿನ ನಿಯಮಗಳಂತೆ ಬ್ರಾಡ್‌ಗೇಜ್ ದಾರಿಯಲ್ಲಿ ಕೆಲಸದ ಸ್ಥಳದಿಂದ ೬೦೦ ಮೀಟರು ದೂರದಲ್ಲಿ ಹಳಿಗಳಿಗೆ ಅಡ್ಡಲಾಗಿ ಕೆಂಪು ಪಟ್ಟಿಯ ಬಾವುಟವನ್ನು ಕಟ್ಟಬೇಕು. ೧೨೦೦ ಮೀಟರು ದೂರದಲ್ಲಿ, ಗಾಲಿ ಹರಿದೊಡನೆ ಸಿಡಿಯುವ ಮೂರು ಪಟಾಕಿಗಳನ್ನು ಹತ್ತು ಹತ್ತು ಮೀಟರು ಅಂತರದಲ್ಲಿ ಹಳಿಯ ಮೇಲೆ ಬಿಗಿಯಬೇಕು. ಕಣ್ಣು ತಪ್ಪಿದರೂ ಕಿವಿಯು ತಪ್ಪಬಾರದೆಂಬುದು ಇದರ ಯುಕ್ತಿ. ಕೆಂಪನ್ನು ದಾಟಿ ಗಾಡಿಯನ್ನು ಓಡಿಸಿದ ಚಾಲಕನು ವಿಚಾರಣೆಗೆ ಗುರಿಯಾಗುವನು. ಹೀಗೆ ಬಾವುಟವನ್ನು ಹಿಡಿದ ಗ್ಯಾಂಗ್‌ಮನ್ನನು ದರ್ಜೆಯಲ್ಲಿ ಎಷ್ಟೇ ಚಿಕ್ಕವನಾದರೂ ಆ ಕ್ಷಣದಲ್ಲಿ ಇಡೀ ಗಾಡಿಯ ಮೇಲೆ ಅಧಿಕಾರವುಳ್ಳವನು.

ಹಳಿಯ ಮೇಲೆ ಕೆಲಸಮಾಡುವವರು ಗಾಡಿಗೆ ಸಿಕ್ಕಿ ಸಾಯುವ ದುರಂತಗಳು ಇಂದಿಗೂ ನಿಂತಿಲ್ಲ. ಆದಕಾರಣ ರೈಲ್ವೆಯನ್ನು ನಿರ್ದೋಷವಾದ ಆದರ್ಶವೆಂದು ಹೇಳಲಾಗದು. ಆದರೆ ಕೆಂಬಾವುಟವು ಒಂದು ಸಂಸ್ಥೆಯಾಗಬೇಕಾದರೆ ಏನೇನು ಬೇಕೆಂಬುದನ್ನು ಅದು ತೋರಿಸಿಕೊಟ್ಟಿತು. ರಸ್ತೆಯು ರೈಲಿನಿಂದ ಬಟ್ಟೆಯನ್ನು ಕಡ ತೆಗೆದುಕೊಂಡಿತು; ಅಳತೆಯನ್ನೂ ಅಧಿಕಾರವನ್ನೂ ತೆಗೆದುಕೊಳ್ಳಲಿಲ್ಲ.

೪. ಈ ಪ್ರದೇಶದ ರಸ್ತೆ, ಮಣ್ಣು ಮತ್ತು ಸಂಚಾರ

ಬಳ್ಳಾರಿ ಸೀಮೆಯಲ್ಲಿ ರಸ್ತೆಯ ಕೆಲಸಕ್ಕೂ ಬಡತನಕ್ಕೂ ಹಳೆಯ ನಂಟು. ೧೮೭೬–೭೮ರ ಮಹಾಕ್ಷಾಮವು, ಎಂದರೆ ನಮ್ಮ ಹಿರಿಯರು ಧಾತು–ಈಶ್ವರ ಸಂವತ್ಸರಗಳ ಬರವೆಂದು ಕರೆದದ್ದು, ಮದರಾಸು ಆಧಿಪತ್ಯದಲ್ಲಿ ಅತ್ಯಂತ ಕ್ರೂರವಾಗಿ ಬಾಧಿಸಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಹಸಿದವರಿಗೆ ಪರಿಹಾರ ಕಾಮಗಾರಿಗಳಲ್ಲಿ ಮಣ್ಣು ಹೊರುವ, ಕಲ್ಲು ಒಡೆಯುವ ಕೂಲಿಯನ್ನು ಕೊಡಲಾಯಿತು. ೧೮೭೭ರಲ್ಲಿ ಸರ್ ರಿಚರ್ಡ್ ಟೆಂಪಲ್ಲನು ಆ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಿದಾಗ ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷನು ಅದನ್ನು ಬಲವಾಗಿ ವಿರೋಧಿಸಿದನು. ರಸ್ತೆಯು ಬೇಕಾದದ್ದು ಸರ್ಕಾರಕ್ಕೆ. ಕೂಲಿಯು ಬೇಕಾದದ್ದು ಜನಕ್ಕೆ. ಸೌಲಭ್ಯ, ರಕ್ಷಣೆಗಳನ್ನು ಕೇಳುವ ಸ್ಥಿತಿಯಲ್ಲಿ ಕೆಲಸಗಾರರು ಇರಲಿಲ್ಲ. ಆ ಅಸಮತೆಯ ನೆರಳು ಇಂದಿನ ದಿನಗೂಲಿಯ ಮೇಲೂ ಸ್ವಲ್ಪಮಟ್ಟಿಗೆ ಉಳಿದಿದೆ.

೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಸುಮಾರಿಗೆ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಬಲದಂಡೆಯ ಕಾಲುವೆಗಳು ಸಿರುಗುಪ್ಪದ ಎರೆಹೊಲಗಳಿಗೆ ನೀರನ್ನು ತಂದುವು. ಬತ್ತದ ಗದ್ದೆಗಳೂ ಅಕ್ಕಿಯ ಗಿರಣಿಗಳೂ ಬೆಳೆದುವು. ಅವುಗಳೊಡನೆ ಸಂಚಾರವೂ ಬೆಳೆಯಿತು. ಇಂದು ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ ೧೫೦ಎ ರಾಷ್ಟ್ರೀಯ ಹೆದ್ದಾರಿಯು ಸಿರುಗುಪ್ಪ, ತೆಕ್ಕಲಕೋಟೆಗಳ ಮೂಲಕ ಬಳ್ಳಾರಿಯನ್ನು ಸೇರುವುದು. ಹುಬ್ಬಳ್ಳಿ, ಹೊಸಪೇಟೆಗಳಿಂದ ಬಂದು ಆಂಧ್ರದ ಕಡೆಗೆ ಸಾಗುವ ೬೭ನೆಯ ಹೆದ್ದಾರಿಯೂ ಬಳ್ಳಾರಿಯನ್ನು ಹಾದುಹೋಗುವುದು. ದೊಡ್ಡಬಸವೇಶ್ವರನ ಕ್ಷೇತ್ರವಾದ ಕುರುಗೋಡು ಬಳ್ಳಾರಿಯ ವಾಯವ್ಯಕ್ಕೆ ಕಲ್ಲುಗುಡ್ಡಗಳ ಮಡಿಲಲ್ಲಿದೆ.

ಇಲ್ಲಿಯ ರಸ್ತೆಗಳು ಪದೇ ಪದೇ ದುರಸ್ತಿಯನ್ನು ಬೇಡುವುದಕ್ಕೆ ಮಣ್ಣೇ ಮುಖ್ಯ ಕಾರಣ. ಎರೆಮಣ್ಣು ನೀರನ್ನು ಕುಡಿದು ಉಬ್ಬುವುದು, ಬಿಸಿಲಿಗೆ ಒಣಗಿ ಬಿರಿಯುವುದು. ಮೇಲೆ ಹಾಸಿದ ಡಾಂಬರು ಈ ಉಬ್ಬುತಗ್ಗುಗಳನ್ನು ತಾಳಲಾರದೆ ಸೀಳುವುದು. ಇಕ್ಕೆಲಗಳಲ್ಲಿಯೂ ನೀರು ನಿಂತ ಗದ್ದೆಗಳಿರುವ ಕಡೆ ಇದು ಇನ್ನೂ ಹೆಚ್ಚು. ಆದ್ದರಿಂದ ಅರ್ಧ ರಸ್ತೆಯನ್ನು ಅಗೆದು ಉಳಿದರ್ಧದಲ್ಲಿ ಸಂಚಾರವನ್ನು ಬಿಡುವುದು ಈ ಭಾಗದಲ್ಲಿ ಪರಿಚಿತವಾದ ದೃಶ್ಯ. ಆ ಉಳಿದರ್ಧದಲ್ಲಿ ಬರುವ ಸಂಚಾರವಾದರೋ ಏಕರೂಪವಾದುದಲ್ಲ. ಬತ್ತದ ಮೂಟೆಗಳ ಲಾರಿ, ಎರಡು ಟ್ರೇಲರು ಕಟ್ಟಿದ ಟ್ರಾಕ್ಟರು, ಸುಗ್ಗಿಯಲ್ಲಿ ರಸ್ತೆಯ ಅರ್ಧಕ್ಕಿಂತ ಅಗಲವಾದ ಬತ್ತ ಕೊಯ್ಯುವ ಯಂತ್ರ, ಸಾರಿಗೆ ಬಸ್ಸು, ಬೈಕು, ಎತ್ತಿನ ಬಂಡಿ, ಕುರಿಮಂದೆ. ಇವೆಲ್ಲವೂ ಒಂದೇ ಓಣಿಯಲ್ಲಿ ನುಗ್ಗುವುವು. ಬಳ್ಳಾರಿ ನಗರದ ಒಳಗೆ, ಕೌಲ್‌ಬಜಾರಿನಂತಹ ಜನನಿಬಿಡ ಬೀದಿಗಳಲ್ಲಿ, ಕೊಳಾಯಿ ಚರಂಡಿಗಳ ಅಗೆತವು ನಡೆಯುವಾಗ ವೇಗವು ಕಡಿಮೆ. ಆದರೆ ನಡೆದಾಡುವವರೂ ಮಕ್ಕಳೂ ಹೆಚ್ಚು. ಹೀಗೆ ಹೆದ್ದಾರಿಯ ಬಾವುಟದಾಳಿಗೆ ವೇಗವು ಶತ್ರು, ನಗರದವನಿಗೆ ಸಂದಣಿಯು ಶತ್ರು.

೫. ಬಾವುಟದಾಳಿನ ಕೆಲಸ

ಕಾಮಗಾರಿಯ ಸ್ಥಳವನ್ನು ತಜ್ಞರು ನಾಲ್ಕು ಭಾಗಗಳಾಗಿ ವಿಂಗಡಿಸುವರು: ಚಾಲಕನಿಗೆ ಮುಂದಿರುವ ಕೆಲಸವನ್ನು ತಿಳಿಸುವ ಮುನ್ನೆಚ್ಚರಿಕೆಯ ಭಾಗ, ವಾಹನವು ತನ್ನ ಎಂದಿನ ಪಥದಿಂದ ಪಕ್ಕಕ್ಕೆ ಸರಿಯುವ ಭಾಗ, ಕೆಲಸವೇ ನಡೆಯುವ ಭಾಗ, ಪುನಃ ಎಂದಿನ ಪಥಕ್ಕೆ ಮರಳುವ ಭಾಗ. ಬಾವುಟದಾಳು ಫಲಕಗಳಿಗೆ ಬದಲಿಯಲ್ಲ. ಅವನು ಫಲಕಗಳ ಸರಣಿಯ ಕೊನೆಯ ಕೊಂಡಿ. ಚಾಲಕನು ಅವನನ್ನು ಕಾಣುವ ಮೊದಲೇ ಎರಡು ಮೂರು ಫಲಕಗಳಿಂದ ಎಚ್ಚರಗೊಂಡು ವೇಗವನ್ನು ಇಳಿಸಿರಬೇಕು. ಫಲಕವಿಲ್ಲದ ಕಡೆ ಬಾವುಟದಾಳನ್ನು ನಿಲ್ಲಿಸುವುದೆಂದರೆ ಅವನ ಶರೀರವನ್ನೇ ಫಲಕವನ್ನಾಗಿ ಮಾಡಿದಂತೆ.

ಇಲ್ಲಿ ದೂರದ ಲೆಕ್ಕವು ಮುಖ್ಯ. ಗಂಟೆಗೆ ೬೦ ಕಿಲೋಮೀಟರು ವೇಗದ ವಾಹನವು ಒಂದು ಸೆಕೆಂಡಿಗೆ ಸುಮಾರು ೧೭ ಮೀಟರು ಸಾಗುವುದು. ಚಾಲಕನು ಅಪಾಯವನ್ನು ಕಂಡು, ಗ್ರಹಿಸಿ, ಬ್ರೇಕನ್ನು ಒತ್ತುವುದಕ್ಕೆ ಎರಡೂವರೆ ಸೆಕೆಂಡು ಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸು ಗಣಿಸಿದೆ. ಅಷ್ಟರಲ್ಲಿಯೇ ವಾಹನವು ೪೦ ಮೀಟರಿಗಿಂತ ಹೆಚ್ಚು ದೂರ ಬಂದಿರುವುದು. ಬ್ರೇಕು ಹಿಡಿದ ಮೇಲೆ ಮತ್ತೆ ಅಷ್ಟೇ ದೂರ ಜಾರುವುದು. ಆದ್ದರಿಂದ ನಿಲ್ಲಲು ಬೇಕಾದ ದೃಷ್ಟಿದೂರವನ್ನು ೬೦ ಕಿಲೋಮೀಟರು ವೇಗಕ್ಕೆ ೮೦ ಮೀಟರು, ೮೦ಕ್ಕೆ ೧೨೦ ಮೀಟರು, ೧೦೦ಕ್ಕೆ ೧೮೦ ಮೀಟರು ಎಂದು ಗೊತ್ತುಪಡಿಸಲಾಗಿದೆ. ವೇಗವು ೬೦ರಿಂದ ೧೦೦ಕ್ಕೆ ಏರಿದರೆ ದೂರವು ಇಮ್ಮಡಿಗೂ ಮೀರುವುದನ್ನು ಗಮನಿಸಬೇಕು. ಅಗೆತದ ಅಂಚಿನಿಂದ ಮೂವತ್ತು ಹೆಜ್ಜೆಯಲ್ಲಿ ನಿಂತು ಬೀಸುವ ಬಾವುಟವು ಹೆದ್ದಾರಿಯ ಲಾರಿಯನ್ನು ನಿಲ್ಲಿಸಲಾರದು. ಅದು ಚಾಲಕನ ಅವಿಧೇಯತೆಯಿಂದ ಮಾತ್ರ ಆಗುವುದಲ್ಲ. ವಿಧೇಯನಾದ ಚಾಲಕನಿಗೂ ಅದು ಅಸಾಧ್ಯ.

ಎರಡನೆಯ ಲೆಕ್ಕವು ಎರಡು ತುದಿಗಳದು. ಅರ್ಧ ರಸ್ತೆಯಲ್ಲಿ ಒಮ್ಮೆಗೆ ಒಂದೇ ದಿಕ್ಕಿನ ಸಂಚಾರವನ್ನು ಬಿಡಬೇಕಾದಾಗ ತುದಿಗೊಬ್ಬರಂತೆ ಇಬ್ಬರು ಬೇಕು. ಅವರು ಪರಸ್ಪರ ಕಾಣುವಂತಿದ್ದರೆ ಸನ್ನೆಯಿಂದ ಕೆಲಸವು ಸಾಗುವುದು. ತಿರುವು, ಏರು ಅಥವಾ ಧೂಳು ಅಡ್ಡವಾದರೆ ವೈರ್‌ಲೆಸ್ಸೋ ಫೋನೋ ಬೇಕು. ಅದೂ ಇಲ್ಲದಲ್ಲಿ ಒಂದು ಹಳೆಯ ಉಪಾಯವುಂಟು: ಒಂದು ಕಡೆಯಿಂದ ಬಿಟ್ಟ ಕೊನೆಯ ವಾಹನದವನ ಕೈಗೆ ಒಂದು ಬಾವುಟವನ್ನೋ ಕೋಲನ್ನೋ ಕೊಟ್ಟು ಕಳುಹಿಸುವುದು, ಅದು ಆಚೆಯ ತುದಿಗೆ ತಲುಪಿದ ಮೇಲೆಯೇ ಅಲ್ಲಿಯ ಸಂಚಾರವನ್ನು ಬಿಡುವುದು. ಏಕಮಾರ್ಗದ ರೈಲುದಾರಿಯಲ್ಲಿ ಚಾಲಕನಿಗೆ ಟೋಕನ್ ಎಂಬ ಲೋಹದ ಗುಂಡನ್ನು ಕೊಟ್ಟು, ಅದಿಲ್ಲದ ಗಾಡಿಯು ಆ ಭಾಗವನ್ನು ಪ್ರವೇಶಿಸದಂತೆ ಮಾಡಿದ ಪದ್ಧತಿಯೂ ಇದೇ ತತ್ತ್ವದ್ದು.

ಮೂರನೆಯದು ನಿಲ್ಲುವ ಸ್ಥಳ. ಬಾವುಟದಾಳು ರಸ್ತೆಯ ಅಂಚಿನಲ್ಲಿ, ಬರುವ ವಾಹನಗಳಿಗೆ ಮುಖಮಾಡಿ, ಒಂಟಿಯಾಗಿ ನಿಲ್ಲಬೇಕು. ಮೊದಲ ವಾಹನವು ನಿಂತ ಬಳಿಕವೇ, ಹಿಂದಿನವರಿಗೂ ಕಾಣುವಂತೆ, ನಡುವಿನ ಕಡೆಗೆ ಸರಿಯಬಹುದು. ಇತರ ಕೂಲಿಯವರ ಗುಂಪಿನಲ್ಲಿ ನಿಂತರೆ ಅವನು ಬೇರೆಯಾಗಿ ಕಾಣಿಸನು; ಮರದ ನೆರಳಿನಲ್ಲಿ ನಿಂತರೆ ಬಿಸಿಲಿನಿಂದ ಬರುವ ಚಾಲಕನ ಕಣ್ಣಿಗೆ ಬೀಳನು. ಹಿಂದಕ್ಕೆ ಓಡಿ ತಪ್ಪಿಸಿಕೊಳ್ಳುವ ದಾರಿಯನ್ನು ಮೊದಲೇ ನೋಡಿಕೊಂಡಿರಬೇಕು. ಬೆನ್ನ ಹಿಂದೆ ಅಗೆದ ಗುಂಡಿಯೋ ಜಲ್ಲಿಯ ರಾಶಿಯೋ ಇದ್ದರೆ ಆ ದಾರಿಯು ಮುಚ್ಚಿದಂತೆಯೇ. ಅಲ್ಲದೆ, ಕಣ್ಣು ಮುಂದಿರುವಾಗ ಬೆನ್ನ ಹಿಂದಿನಿಂದ ಹಿಮ್ಮುಖವಾಗಿ ಬರುವ ಕಾಮಗಾರಿಯ ಟಿಪ್ಪರೇ ಅವನಿಗೆ ಯಮನಾಗಬಹುದು.

೬. ಒಂದು ಪ್ರತ್ಯಕ್ಷ ನಿದರ್ಶನ

ಕೆಲವು ಕಾಲದ ಹಿಂದೆ ದೇವಾಲಯಗಳ ಅಧ್ಯಯನಕ್ಕಾಗಿ ವಿದ್ಯಾರ್ಥಿಗಳೊಡನೆ ಈ ಭಾಗದಲ್ಲಿ ಪ್ರಯಾಣ ಮಾಡುತ್ತಿದ್ದಾಗ ನಮ್ಮ ಬಸ್ಸು ಒಂದು ಕಾಮಗಾರಿಯ ಬಳಿ ನಿಂತಿತು. ವೈಶಾಖದ ಮಧ್ಯಾಹ್ನ, ನಾಲ್ವತ್ತು ಡಿಗ್ರಿಯನ್ನು ಮೀರುವ ಬಳ್ಳಾರಿಯ ಬಿಸಿಲು. ತಲೆಯ ಮೇಲೆ ಸೆರಗು, ಸೀರೆಯ ಮೇಲೆ ಬಣ್ಣಗೆಟ್ಟ ಒಂದು ಜಾಕೀಟು ತೊಟ್ಟ ಐವತ್ತರ ಆಸುಪಾಸಿನ ಹೆಂಗಸು ಬಾವುಟವನ್ನು ಹಿಡಿದು ನಿಂತಿದ್ದಳು. ಬಾವುಟವು ಬಿಸಿಲಿಗೆ ಮಾಸಿ ಕೆಂಪೋ ಕಾವಿಯೋ ತಿಳಿಯದಂತಿತ್ತು. ಬಸ್ಸು ನಿಂತಿತು, ಹಿಂದಿದ್ದ ಬೈಕುಗಳು ಒಂದೊಂದಾಗಿ ಅವಳ ಪಕ್ಕದಲ್ಲಿಯೇ ನುಸುಳಿ ಹೋದುವು. ಪ್ರತಿ ಬೈಕಿಗೂ ಅವಳು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು.

ನಮ್ಮ ವಿದ್ಯಾರ್ಥಿನಿಯೊಬ್ಬಳು ಇಳಿದುಹೋಗಿ, “ಯವ್ವಾ, ಅವರು ಯಾಕೆ ನಿಲ್ಲೋದಿಲ್ಲ?” ಎಂದು ಕೇಳಿದಳು. “ಬಸ್ಸಿನವ್ರು ನಿಲ್ತಾರವ್ವ. ಬೈಕಿನವ್ರು ನಿಲ್ಲಂಗಿಲ್ಲ. ನಾನೇ ಸರೀಬೇಕು,” ಎಂದಳು ಆಕೆ. ಈ ಕೆಲಸವನ್ನು ಯಾರು ಕಲಿಸಿದರೆಂದು ಕೇಳಿದ್ದಕ್ಕೆ, “ಕಲಿಸೋದೇನೈತವ್ವ ಇದ್ರಾಗ? ಮೇಸ್ತ್ರಿ ಬಾವುಟ ಕೊಟ್ಟ, ನಿಂತೆ,” ಎಂದು ನಕ್ಕಳು. ಪುಟ್ಟಿ ಹೊರಲು ಮೈಯಲ್ಲಿ ಶಕ್ತಿ ಸಾಲದಾದ ಮೇಲೆ ಅವಳಿಗೆ ಈ ಕೆಲಸ ದೊರೆತಿತ್ತೆಂದು ಆಮೇಲೆ ತಿಳಿಯಿತು.

ಈ ಒಂದು ಮಾತಿನಲ್ಲಿ ಇಡೀ ಸಮಸ್ಯೆಯು ಅಡಗಿದೆ. ಬಾವುಟದ ಕೆಲಸವನ್ನು ಹಗುರವಾದ ಕೆಲಸವೆಂದು ಭಾವಿಸಿ, ವಯಸ್ಸಾದವರಿಗೋ ದುರ್ಬಲರಿಗೋ ಕೊಡುವುದುಂಟು. ಅವರ ಮೇಲಣ ಕರುಣೆಯೂ ಇದರಲ್ಲಿ ಇದ್ದೀತು. ಆದರೆ ತೀಕ್ಷ್ಣವಾದ ದೃಷ್ಟಿ, ಚುರುಕಾದ ಕಿವಿ, ಥಟ್ಟನೆ ಸರಿಯಬಲ್ಲ ಕಾಲು, ಇತರರ ಪ್ರಾಣದ ಹೊಣೆಯನ್ನು ಹೊರಬಲ್ಲ ನಿರ್ಧಾರ, ಇವು ಕಾಮಗಾರಿಯ ಯಾವ ಕೆಲಸಕ್ಕಿಂತಲೂ ಇಲ್ಲಿ ಹೆಚ್ಚು ಬೇಕು.

೭. ಕಾಣುವ ಉಡುಪು ಮತ್ತು ಕಾಣದ ಕೆಂಪು

ಆ ಮಾಸಿದ ಬಾವುಟವನ್ನು ಕುರಿತು ಇನ್ನೊಂದು ಮಾತು. ಕೆಂಪು ಬಣ್ಣವು ಸಂಜೆಯ ಮಬ್ಬಿನಲ್ಲಿ ಮೊದಲು ಕಪ್ಪಾಗಿ ಕಾಣತೊಡಗುವುದು. ಅದೇ ಬೆಳಕಿನಲ್ಲಿ ಹಸುರು ನೀಲಿಗಳು ಇನ್ನೂ ಕಾಣುತ್ತಿರುವುವು. ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿ ಪುರ್ಕಿಂಜೆಯು ಗುರುತಿಸಿದ ಈ ಗುಣವು ಕಣ್ಣಿನದೇ ಹೊರತು ಬಟ್ಟೆಯದಲ್ಲ. ಆದುದರಿಂದ ದೀಪ ಹಚ್ಚುವ ಹೊತ್ತಿಗೆ ಕೇವಲ ಕೆಂಪು ಬಟ್ಟೆಯನ್ನು ನಂಬುವುದು ಅಪಾಯಕರ.

ಹೊಳೆಯುವ ಉಡುಪು ಬಳಕೆಗೆ ಬಂದದ್ದೂ ರೈಲಿನವರಿಂದಲೇ. ೧೯೬೪ರಲ್ಲಿ ಗ್ಲಾಸ್ಗೋ ನಗರದ ಬಳಿ, ವಿದ್ಯುತ್ ಗಾಡಿಗಳು ಓಡತೊಡಗಿದ ದಾರಿಯಲ್ಲಿ ದುಡಿಯುವ ಗ್ಯಾಂಗಿನವರಿಗೆ ಕಿತ್ತಳೆ ಬಣ್ಣದ ಹೊಳೆಯುವ ಜಾಕೀಟುಗಳನ್ನು ಪ್ರಯೋಗಾರ್ಥವಾಗಿ ಕೊಡಲಾಯಿತು. ಇಂದಿನ ಜಾಕೀಟಿನಲ್ಲಿ ಎರಡು ಬಗೆಯ ಬಟ್ಟೆಗಳಿವೆ. ಹಳದಿ ಅಥವಾ ಕಿತ್ತಳೆಯ ಮೈಬಟ್ಟೆಯು ಸೂರ್ಯನ ಅತಿನೇರಳೆ ಕಿರಣವನ್ನು ಕಾಣುವ ಬೆಳಕಾಗಿ ಮಾರ್ಪಡಿಸುವುದರಿಂದ ಹಗಲಿನಲ್ಲಿಯೂ ಸಂಜೆಯಲ್ಲಿಯೂ ಎದ್ದುಕಾಣುವುದು. ರಾತ್ರಿಯಲ್ಲಿ ಅದು ನಿಷ್ಪ್ರಯೋಜಕ. ಬೂದುಬಣ್ಣದ ಪಟ್ಟಿಗಳು ವಾಹನದ ದೀಪದ ಬೆಳಕನ್ನು ಬಂದ ದಿಕ್ಕಿಗೇ ಹಿಂತಿರುಗಿಸುವುದರಿಂದ ರಾತ್ರಿಯಲ್ಲಿ ಮಿಂಚುವುವು. ಧೂಳು, ಡಾಂಬರು, ಬಿಸಿಲುಗಳಿಂದ ಇವೆರಡೂ ಕ್ಷಯಿಸುವುವು. ಮಾಸಿದ ಜಾಕೀಟು ಇಲ್ಲದ ಜಾಕೀಟಿಗೆ ಸಮಾನ. ಅಮೆರಿಕದಲ್ಲಿ ಬಾವುಟವನ್ನು ತುರ್ತು ಸಮಯಕ್ಕೆ ಮೀಸಲಿಟ್ಟು, ಸಾಮಾನ್ಯವಾಗಿ ಒಂದು ಮುಖದಲ್ಲಿ ‘ನಿಲ್ಲು’, ಇನ್ನೊಂದರಲ್ಲಿ ‘ನಿಧಾನ’ ಎಂದು ಬರೆದ ಎಂಟು ಮೂಲೆಯ ಹಲಗೆಯನ್ನು ಬಳಸಬೇಕೆಂಬ ಸೂಚನೆಯಿದೆ. ಗಾಳಿಗೆ ಮುದುಡದ, ಬೆಳಕಿಗೆ ಹೊಳೆಯುವ ಹಲಗೆಯು ಬಟ್ಟೆಗಿಂತ ಸ್ಪಷ್ಟವಾದ ಆಜ್ಞೆ.

೮. ನಿಯಮ ಮತ್ತು ಅಧಿಕಾರ

ನಮ್ಮಲ್ಲಿ ನಿಯಮಗಳೇ ಇಲ್ಲವೆಂದು ವಾಚಕರು ತಿಳಿಯಬಾರದು. ೧೯೩೪ರಲ್ಲಿ ಸ್ಥಾಪಿತವಾದ ಭಾರತೀಯ ರಸ್ತೆ ಕಾಂಗ್ರೆಸ್ಸು ಕಾಮಗಾರಿ ಸ್ಥಳಗಳ ಸುರಕ್ಷತೆಯನ್ನು ಕುರಿತು ೨೦೦೧ರಲ್ಲಿ ಒಂದು ಮಾರ್ಗದರ್ಶಿಯನ್ನು ಪ್ರಕಟಿಸಿ ೨೦೧೪ರಲ್ಲಿ ಅದನ್ನು ಪರಿಷ್ಕರಿಸಿತು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಕಾಮಗಾರಿ ವಿವರಣೆಗಳ ೧೧೨ನೆಯ ಪ್ರಕರಣವು ಏಕಮುಖ ಸಂಚಾರವಿರುವೆಡೆ ಎರಡು ತುದಿಗಳಲ್ಲಿಯೂ ಎಲ್ಲ ವೇಳೆಯಲ್ಲಿಯೂ ತಾತ್ಕಾಲಿಕ ಸಿಗ್ನಲು ಅಥವಾ ಬಾವುಟದಾಳುಗಳು ಇರಬೇಕೆಂದೂ, ಅವರಿಗೆ ಕೆಂಪು ಹಸುರು ಬಾವುಟಗಳನ್ನೂ ದೀಪಗಳನ್ನೂ ಕೊಡಬೇಕೆಂದೂ ವಿಧಿಸುವುದು. ೨೦೧೯ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿದ ೧೯೮ಎ ಕಲಮಿನ ಮೇರೆಗೆ, ನಿಗದಿಯಾದ ಸುರಕ್ಷತಾ ಮಟ್ಟವನ್ನು ಪಾಲಿಸದೆ ಮರಣವೋ ಅಂಗವೈಕಲ್ಯವೋ ಸಂಭವಿಸಿದರೆ ಸಂಬಂಧಪಟ್ಟ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿಗಳವರೆಗೆ ದಂಡವುಂಟು. ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರಿಗಾಗಿ ೧೯೯೬ರಲ್ಲಿ ಆದ ಶಾಸನದ ವಿಷಯಗಳನ್ನು ೨೦೨೦ರ ಕಾರ್ಮಿಕ ಸಂಹಿತೆಗಳಲ್ಲಿ ಅಡಕಗೊಳಿಸಲಾಗಿದೆ.

ಹೀಗಿದ್ದರೂ ಒಂದು ಕೊರತೆಯು ಉಳಿದಿದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೧೯ನೆಯ ಕಲಮು, ಚಾಲಕನು ಆಜ್ಞಾರೂಪದ ಫಲಕಗಳನ್ನೂ ವಿದ್ಯುತ್ ಸಿಗ್ನಲುಗಳನ್ನೂ ಸಂಚಾರವನ್ನು ನಿಯಂತ್ರಿಸುತ್ತಿರುವ ಪೊಲೀಸು ಅಧಿಕಾರಿಯ ಸೂಚನೆಗಳನ್ನೂ ಪಾಲಿಸಬೇಕೆಂದು ಹೇಳುವುದು. ೧೩೨ನೆಯ ಕಲಮಿನಂತೆ, ತನ್ನ ವಶದಲ್ಲಿರುವ ಪ್ರಾಣಿಯು ವಾಹನಕ್ಕೆ ಬೆದರಿ ಅಂಕೆ ತಪ್ಪೀತೆಂದು ಭಯಪಡುವವನು ಕೇಳಿದಾಗಲೂ ಚಾಲಕನು ನಿಲ್ಲತಕ್ಕದ್ದು. ಎಂದರೆ ಸಿರುಗುಪ್ಪದ ದಾರಿಯಲ್ಲಿ ಕೈಯೆತ್ತುವ ಕುರಿಗಾಹಿಯನ್ನು ಕಾಯಿದೆಯು ನೆನೆದಿದೆ. ಆದರೆ ಈ ಎರಡು ಕಲಮುಗಳಲ್ಲಿ ಗುತ್ತಿಗೆದಾರನ ಬಾವುಟದಾಳಿನ ಹೆಸರಿಲ್ಲ. ಡಿಕ್ಕಿ ಹೊಡೆದವನನ್ನು ಶಿಕ್ಷಿಸಲು ಕಾನೂನು ಬರುವುದು. ಡಿಕ್ಕಿಗೆ ಮೊದಲು ಅವನ ಬಾವುಟಕ್ಕೆ ಬೆಂಬಲವಾಗಿ ನಿಲ್ಲುವ ಮಾತು ಇಲ್ಲಿ ಕಾಣುವುದಿಲ್ಲ. ಬಸ್ಸಿನವನು ನಿಲ್ಲುವುದು ಸೌಜನ್ಯದಿಂದ, ಬೈಕಿನವನು ನಿಲ್ಲದಿರುವುದು ಧೈರ್ಯದಿಂದ ಎಂಬಂತಾಗಿದೆ. ರೈಲುದಾರಿಯ ಬಾವುಟಕ್ಕೂ ರಸ್ತೆಯ ಬಾವುಟಕ್ಕೂ ಇರುವ ಮುಖ್ಯ ಭೇದವು ಇದೇ.

ಆದಕಾರಣ ಸುಧಾರಣೆಯು ಈ ಕ್ರಮದಲ್ಲಿ ನಡೆಯುವುದು ಯುಕ್ತವೆಂದು ತೋರುವುದು. ಮೊದಲನೆಯದಾಗಿ, ಬಾವುಟದ ಕೆಲಸಕ್ಕೆ ಕಡಿಮೆಯೆಂದರೆ ಒಂದೆರಡು ದಿನಗಳ ಶಿಕ್ಷಣವೂ ಗುರುತಿನ ಚೀಟಿಯೂ ಕಡ್ಡಾಯವಾಗಬೇಕು. ಎರಡನೆಯದಾಗಿ, ಶಿಕ್ಷಣ ಪಡೆದವರ ನಿಲುಗಡೆಯ ಸೂಚನೆಗೆ ಪೊಲೀಸಿನ ಸೂಚನೆಯಷ್ಟೇ ಬೆಲೆಯು ಕಾಯಿದೆಯಲ್ಲಿ ಸ್ಪಷ್ಟವಾಗಬೇಕು. ಮೂರನೆಯದಾಗಿ, ಬಳ್ಳಾರಿಯ ಬೇಸಗೆಯಲ್ಲಿ ಆಳುಗಳು ಸರದಿಯ ಮೇಲೆ ಬದಲಾಗುವಂತೆಯೂ, ನೀರು ನೆರಳುಗಳು ಹತ್ತಿರದಲ್ಲಿ ಇರುವಂತೆಯೂ ಏರ್ಪಡಿಸಬೇಕು. ಬಿಸಿಲಿನಿಂದ ಮಂಕಾದ ಬುದ್ಧಿಯು ಲಾರಿಯ ವೇಗವನ್ನು ಅಳೆಯಲಾರದು. ನಾಲ್ಕನೆಯದಾಗಿ, ಇವೆಲ್ಲದರ ಖರ್ಚನ್ನ‌ು ಟೆಂಡರಿನಲ್ಲಿಯೇ ಬೇರೆ ಬಾಬಾಗಿ ತೋರಿಸಬೇಕು. ಒಟ್ಟು ಮೊತ್ತದೊಳಗೆ ಕರಗಿಹೋದ ರಕ್ಷಣೆಯು ಮೊದಲು ಉಳಿತಾಯವಾಗುವ ಬಾಬು.

೯. ದಾಖಲೆಯ ಪ್ರಶ್ನೆ

ಕೊನೆಯದಾಗಿ ನಮ್ಮ ಶಾಸ್ತ್ರಕ್ಕೆ ಸಂಬಂಧಿಸಿದ ಒಂದು ವಿಚಾರ. ೨೦೨೨ರಲ್ಲಿ ಭಾರತದ ರಸ್ತೆಗಳಲ್ಲಿ ೪,೬೧,೩೧೨ ಅಪಘಾತಗಳಾಗಿ ೧,೬೮,೪೯೧ ಮಂದಿ ಸತ್ತರೆಂದು ಕೇಂದ್ರ ಸಚಿವಾಲಯದ ವರದಿಯು ತಿಳಿಸುವುದು. ಕಾಮಗಾರಿ ನಡೆಯುತ್ತಿದ್ದ ರಸ್ತೆಗಳಲ್ಲಿ ಆದ ಅಪಘಾತಗಳನ್ನು ಆ ವರದಿಯು ಬೇರೆಯಾಗಿ ಎಣಿಸಿದೆ. ಸತ್ತವರನ್ನು ಪಾದಚಾರಿ, ಸೈಕಲ್ಲು, ದ್ವಿಚಕ್ರ, ಕಾರು, ಲಾರಿ, ಬಸ್ಸು ಎಂದು ಮೊದಲಾಗಿ ವಿಂಗಡಿಸಿದೆ. ರಸ್ತೆಯ ಕೆಲಸಗಾರ ಎಂಬ ವರ್ಗವು ಅದರಲ್ಲಿಲ್ಲ. ವಾಹನಕ್ಕೆ ಸಿಕ್ಕಿ ಸತ್ತ ಬಾವುಟದಾಳಿಗೆ ಆ ಪಟ್ಟಿಯಲ್ಲಿ ತಕ್ಕಮಟ್ಟಿಗೆ ಹೊಂದುವ ಮನೆಯೆಂದರೆ ಪಾದಚಾರಿಯದು. ಆ ವರ್ಷ ಸತ್ತ ೩೨ ಸಾವಿರಕ್ಕೂ ಮೇಲ್ಪಟ್ಟ ಪಾದಚಾರಿಗಳಲ್ಲಿ ಅವನೂ ಒಬ್ಬನಾಗುವನು. ದಿನವೆಲ್ಲ ಒಂದೇ ಕಡೆ ನಿಂತಿದ್ದವನು ಸತ್ತ ಮೇಲೆ ನಡೆಯುತ್ತಿದ್ದವನೆಂದು ಎಣಿಕೆಯಾಗುವನು.

ಧಾತು–ಈಶ್ವರ ಬರದ ಕಾಲದ ವರದಿಗಳೂ ಕಾಮಗಾರಿಯಲ್ಲಿದ್ದ ತಲೆಗಳನ್ನು ಎಣಿಸಿದುವು. ಯಾರು ಯಾವ ಕೆಲಸದಲ್ಲಿ ಯಾವ ಅಪಾಯಕ್ಕೆ ಒಡ್ಡಿಕೊಂಡಿದ್ದರೆಂಬುದನ್ನು ಅವುಗಳಿಂದ ಇಂದು ತಿಳಿಯುವುದು ಕಷ್ಟ. ನಮ್ಮ ಕಾಲದ ದಾಖಲೆಗಳಿಂದ ಮುಂದಿನವರಿಗೂ ಅದೇ ಕಷ್ಟವು ಒದಗದಂತೆ ನೋಡಿಕೊಳ್ಳುವುದು ಸಾಧ್ಯ. ಕಾಲೇಜುಗಳ ಇತಿಹಾಸದ ವಿದ್ಯಾರ್ಥಿಗಳು ತಮ್ಮ ತಾಲ್ಲೂಕಿನ ರಸ್ತೆ ಕಾಮಗಾರಿಗಳಲ್ಲಿ ಬಾವುಟ ಹಿಡಿದವರನ್ನು ಕಂಡು, ಅವರ ಊರು, ವಯಸ್ಸು, ಮೊದಲಿನ ಕಸುಬು, ನಿಂತ ಸ್ಥಳದಿಂದ ಅಗೆತಕ್ಕಿರುವ ದೂರ, ದೊರೆತ ಶಿಕ್ಷಣ, ಕಂಡ ಅಪಾಯ, ಇವುಗಳನ್ನು ಅವರ ಒಪ್ಪಿಗೆ ಪಡೆದು ಬರೆದಿಡಬಹುದು. ಹೆಜ್ಜೆಯಿಂದ ದೂರವನ್ನು ಅಳೆಯಲು ಯಾವ ಉಪಕರಣವೂ ಬೇಕಿಲ್ಲ. ಸಿರುಗುಪ್ಪ, ಕುರುಗೋಡು, ಬಳ್ಳಾರಿಗಳಲ್ಲಿ ಇಂತಹ ನೂರು ಟಿಪ್ಪಣಿಗಳು ಕೂಡಿದರೆ, ಇಲ್ಲಿಯವರೆಗೆ ಯಾವ ಪಟ್ಟಿಯಲ್ಲಿಯೂ ಇಲ್ಲದ ಒಂದು ಕಸುಬಿನ ಚರಿತ್ರೆಗೆ ತಳಹದಿಯಾಗುವುದು. ಗುತ್ತಿಗೆಯನ್ನು ಕೊಡುವವರಿಗೂ ಅದರಿಂದ ಉಪಯೋಗವುಂಟು.

ಅಲ್ಲಿಯವರೆಗೆ, ಕಾಲೇಜಿಗೆ ಬೈಕಿನಲ್ಲಿ ಬರುವ ನಮ್ಮ ವಿದ್ಯಾರ್ಥಿಗಳೂ ಅಧ್ಯಾಪಕರೂ ಇಂದಿನಿಂದಲೇ ಮಾಡಬಹುದಾದ ಒಂದು ಕೆಲಸವಿದೆ. ಬಾವುಟವು ಮೇಲೆದ್ದಾಗ ಬಸ್ಸಿನ ಹಿಂದೆ ನಿಲ್ಲುವುದು. ಅದನ್ನು ಹಿಡಿದವರು ನಮಗಾಗಿ ಒಂದು ಹೆಜ್ಜೆ ಹಿಂದೆ ಸರಿಯದಂತೆ ನೋಡಿಕೊಳ್ಳುವುದು.